ಬೀರುವಿನೊಳಗಿನ ಶಾಲೆ: ಸರ್ಕಾರಿ ಪ್ರಾಥಮಿಕ ಶಾಲೆಗಳ ಹಳೆಯ ದಾಖಲೆ ಸೇವೆ ಹೇಗಿದೆ?

ಊರಿನ ಸರ್ಕಾರಿ ಶಾಲೆ ಹೇಗಿದೆ ಎಂದು ಕೇಳಿದರೆ ಕೊಠಡಿ ಎಷ್ಟು, ಮೇಷ್ಟ್ರು ಎಷ್ಟು ಜನ, ಬಿಸಿಯೂಟ ಹೇಗೆ, ಶೌಚಾಲಯಕ್ಕೆ ನೀರಿದೆಯೇ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಕೇಳಬೇಕಾದ ಪ್ರಶ್ನೆಗಳೇ. ಆದರೆ ಅದೇ ಶಾಲೆ ಸದ್ದಿಲ್ಲದೆ ಇನ್ನೊಂದು ಸೇವೆಯನ್ನೂ ಕೊಡುತ್ತಿದೆ. ಊರಲ್ಲಿ ಯಾರು ಯಾವಾಗ ಓದಿದರು, ಯಾರ ಮಗ, ಯಾರ ಮಗಳು, ಎಲ್ಲಿಂದ ಬಂದರು, ಯಾಕೆ ಶಾಲೆ ಬಿಟ್ಟರು ಎಂಬುದನ್ನು ಬರೆದು ಕಾಯುವ ಸೇವೆ ಅದು. ಮುಖ್ಯೋಪಾಧ್ಯಾಯರ ಕೊಠಡಿಯ ಮೂಲೆಯಲ್ಲಿರುವ ಕಬ್ಬಿಣದ ಬೀರುವೇ ಅದರ ಕಚೇರಿ. ಈ ವಿಮರ್ಶೆ ಆ ಬೀರುವಿನದು.

ತೀರ್ಪು ಮೊದಲೇ ಹೇಳಿಬಿಡೋಣ. ಬರೆದಿಟ್ಟ ಕೆಲಸಕ್ಕೆ ಐದಕ್ಕೆ ನಾಲ್ಕೂವರೆ, ಕಾದಿಟ್ಟ ಕೆಲಸಕ್ಕೆ ಎರಡು. ಹಳೆಯ ಮೇಷ್ಟ್ರುಗಳು ದುಂಡಗಿನ ಅಕ್ಷರದಲ್ಲಿ, ಒಂದು ಕಾಲಂ ಕೂಡ ಖಾಲಿ ಬಿಡದೆ ಬರೆದ ವಹಿಗಳು ಇಂದು ಹರಿದ ಗೋಣಿಚೀಲದಲ್ಲಿ, ಒಡೆದ ಬೆಂಚುಗಳ ಕೆಳಗೆ ಬಿದ್ದಿರುವುದನ್ನು ನೋಡಿದರೆ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತದೆ.

ಫಲಕದ ಹೆಸರು, ಬಾಯಲ್ಲಿರುವ ಹೆಸರು

‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ’ ಎಂಬುದು ಇಡೀ ರಾಜ್ಯಕ್ಕೆ ಒಂದೇ ಅಚ್ಚಿನ ಹೆಸರು. ಶಾಲೆಯ ನಿಜವಾದ ಗುರುತು ಜನರ ಬಾಯಲ್ಲಿರುವ ಹಳೆಯ ಹೆಸರಿನಲ್ಲಿದೆ, ಆ ಹೆಸರು ನೇರವಾಗಿ ಇತಿಹಾಸಕ್ಕೆ ದಾರಿ ತೋರಿಸುತ್ತದೆ. ಕರಾವಳಿಯಲ್ಲಿ ಹಿರಿಯರು ‘ಬೋರ್ಡ್ ಶಾಲೆ’ ಎಂದರೆ ಅದು ಮದ್ರಾಸ್ ಪ್ರಾಂತದ ಕಾಲದಲ್ಲಿ ತಾಲ್ಲೂಕು ಬೋರ್ಡೋ ಜಿಲ್ಲಾ ಬೋರ್ಡೋ ನಡೆಸಿದ ಶಾಲೆ. ಅಲ್ಲಿ ತಾಲ್ಲೂಕು ಬೋರ್ಡುಗಳು 1934ರಲ್ಲಿ ರದ್ದಾದವು. ಹಾಗಾಗಿ ಮದ್ರಾಸ್ ಕಾಲದ ಕಾಗದದಲ್ಲಿ ‘ತಾಲ್ಲೂಕು ಬೋರ್ಡ್’ ಎಂದು ಮುದ್ರೆಯಿದ್ದರೆ ಅದು 1934ಕ್ಕೂ ಹಿಂದಿನದೇ ಆಗಿರಬೇಕು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ‘ಕನ್ನಡ ಗಂಡು ಮಕ್ಕಳ ಶಾಲೆ’, ‘ಕನ್ನಡ ಹೆಣ್ಣು ಮಕ್ಕಳ ಶಾಲೆ’ ಎಂದು, ದೊಡ್ಡ ಊರಾದರೆ ಹಿಂದೆ ನಂಬರೂ ಹಚ್ಚಿ ಹೇಳುತ್ತಾರೆ. ಹೆಸರಿನಲ್ಲಿ ‘ಕನ್ನಡ’ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮುಂಬಯಿ ಪ್ರಾಂತದ ಆ ಜಿಲ್ಲೆಗಳಲ್ಲಿ ಒಂದು ಕಾಲಕ್ಕೆ ಮರಾಠಿ ಶಾಲೆಗಳದೇ ದರ್ಬಾರು. ಶಿಕ್ಷಣ ಇಲಾಖೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರಂಥವರು ಹಟ ಹಿಡಿದು ಕನ್ನಡ ಶಾಲೆಗಳನ್ನು ತೆರೆಸಿದ್ದರಿಂದ ಆ ಒಂದು ಪದ ಫಲಕಕ್ಕೆ ಬಂತು. ಅದನ್ನು ಅಳಿಸಿ ಬಣ್ಣ ಹೊಡೆಯುವ ಮುನ್ನ ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು, ಎರಡು ಸಲ ಯೋಚಿಸಬೇಕು.

ಹಳೆ ಮೈಸೂರಿನಲ್ಲಿ ‘ಹೋಬಳಿ ಸ್ಕೂಲು’, ‘ಎ.ವಿ. ಸ್ಕೂಲು’, ‘ಮಿಡ್ಲ್ ಸ್ಕೂಲು’ ಎಂಬ ಹೆಸರುಗಳು ಈಗಲೂ ಕಿವಿಗೆ ಬೀಳುತ್ತವೆ. ಹೋಬಳಿಗೊಂದು ಶಾಲೆ ಎಂಬ ಯೋಜನೆ 1868ರದು, ಆಗ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ.ಎಲ್. ರೈಸ್ ರೂಪಿಸಿದ್ದು. ‘ಎ.ವಿ.’ ಎಂದರೆ ಆಂಗ್ಲೋ ವರ್ನಾಕ್ಯುಲರ್, ಅಂದರೆ ಕನ್ನಡದ ಜೊತೆ ಇಂಗ್ಲಿಷನ್ನೂ ಕಲಿಸುತ್ತಿದ್ದ ಶಾಲೆ. ಬೀದರ್, ಕಲಬುರಗಿ, ರಾಯಚೂರಿನ ಕಡೆ ನಿಜಾಮರ ಕಾಲದ ಕಾಗದಗಳಲ್ಲಿ ‘ತಹತಾನಿಯಾ’ ಎಂದಿದ್ದರೆ ಪ್ರಾಥಮಿಕ ಶಾಲೆ, ‘ವಸ್ತಾನಿಯಾ’ ಎಂದಿದ್ದರೆ ಮಾಧ್ಯಮಿಕ. ಇದು ಗೊತ್ತಿಲ್ಲದೆ ‘ಇದು ನಮ್ಮ ಶಾಲೆಯದಲ್ಲ, ಯಾವುದೋ ಉರ್ದು ಶಾಲೆಯದು’ ಎಂದು ಕಟ್ಟನ್ನೇ ಪಕ್ಕಕ್ಕೆ ತಳ್ಳಿಬಿಡುವುದುಂಟು. ಆಗ ಸರ್ಕಾರಿ ವ್ಯವಹಾರದ ಭಾಷೆಯೇ ಉರ್ದುವಾಗಿತ್ತು. ಆ ಕಟ್ಟನ್ನು ಓದಬಲ್ಲವರು ಊರಲ್ಲೇ ಸಿಗುತ್ತಾರೆ, ಕರೆದು ತೋರಿಸಬೇಕು ಅಷ್ಟೇ.

ಈಗಿನ ಹೊಸ ತೊಡಕು ಬೇರೆ. 2018-19ರಿಂದ ‘ಕರ್ನಾಟಕ ಪಬ್ಲಿಕ್ ಶಾಲೆ’ ಎಂಬ ಹೆಸರಿನಲ್ಲಿ ಪ್ರಾಥಮಿಕ, ಪ್ರೌಢ ಮತ್ತು ಪದವಿಪೂರ್ವವನ್ನು ಒಂದೇ ಛಾವಣಿಗೆ ತರಲಾಗುತ್ತಿದೆ. ಕಮಾನಿನ ಮೇಲೆ ಹೊಸ ಹೆಸರು, ಮೊಹರಿನಲ್ಲಿ ಹೊಸ ಹೆಸರು, ವಹಿಯಲ್ಲಿ ಮಾತ್ರ ಹಳೆಯದು. 1985ರಲ್ಲಿ ಓದಿದವರಿಗೆ ಇಂದು ಪ್ರಮಾಣಪತ್ರ ಕೊಡುವಾಗ ಹೊಸ ಹೆಸರಷ್ಟೇ ಬರೆದರೆ ಅವರ ಬಳಿ ಇರುವ ಹಳೆಯ ಟಿಸಿಗೂ ಇದಕ್ಕೂ ತಾಳೆಯಾಗುವುದಿಲ್ಲ. ಪರಿಹಾರ ಒಂದು ಸಾಲಿನದು: ಹೊಸ ಹೆಸರಿನ ಕೆಳಗೆ ‘ಈ ಹಿಂದಿನ ಹೆಸರು ಇಂಥದ್ದು’ ಎಂದು ಬರೆದು ಸಹಿ ಹಾಕಿಸಿಕೊಳ್ಳಿ.

ಸ್ಥಾಪನೆ: ಯಾವ ಇಸವಿ?

ಗೇಟಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ಇಸವಿ, ಯು-ಡೈಸ್ (ಸರ್ಕಾರ ಎಲ್ಲ ಶಾಲೆಗಳಿಂದ ಸಂಗ್ರಹಿಸುವ ಮಾಹಿತಿ) ನಮೂನೆಯಲ್ಲಿ ಇನ್ನೊಂದು, ಹಿರಿಯರ ಬಾಯಲ್ಲಿ ಮೂರನೆಯದು. ಯಾರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ, ಒಬ್ಬೊಬ್ಬರು ಒಂದೊಂದು ಘಟನೆಯನ್ನು ಹುಟ್ಟು ಎಂದು ಹಿಡಿದಿರುತ್ತಾರೆ. ಎಷ್ಟೋ ಶಾಲೆಗಳು ಕೂಲಿಮಠವಾಗಿ ಶುರುವಾದವು. ಉತ್ತರ ಕರ್ನಾಟಕದಲ್ಲಿ ಅದನ್ನೇ ಗಾಂವಠಿ ಶಾಲೆ, ಐಗಳ ಮಠ ಎಂದರು. ಗುಡಿಯ ಪೌಳಿಯಲ್ಲಿ, ಗೌಡರ ಪಡಸಾಲೆಯಲ್ಲಿ ಮರಳ ಮೇಲೆ ಅಕ್ಷರ ತಿದ್ದಿಸಿದ್ದು ಒಂದು ಹುಟ್ಟು. ಅದಕ್ಕೆ ಸರ್ಕಾರದ ಅನುದಾನ ಬಂದದ್ದು ಎರಡನೆಯದು. ಸರ್ಕಾರವೇ ವಹಿಸಿಕೊಂಡದ್ದು ಮೂರನೆಯದು. ಸ್ವಂತ ಕಟ್ಟಡ ಎದ್ದದ್ದು ನಾಲ್ಕನೆಯದು. ಕಿರಿಯ ಪ್ರಾಥಮಿಕ ಇದ್ದದ್ದು ಹಿರಿಯ ಪ್ರಾಥಮಿಕವಾಗಿ ಮೇಲ್ದರ್ಜೆಗೇರಿದ್ದು ಐದನೆಯದು.

ಶತಮಾನೋತ್ಸವ ಸಮಿತಿಗಳು ಎಡವುವುದು ಇಲ್ಲೇ. ಸಿಕ್ಕ ಅತ್ಯಂತ ಹಳೆಯ ದಾಖಲಾತಿ ವಹಿಯಲ್ಲಿ ಮೊದಲ ಪುಟದ ಪ್ರವೇಶ ಸಂಖ್ಯೆ 1 ಎಂದಿದ್ದರೆ ‘ಇದೇ ಮೊದಲ ವಿದ್ಯಾರ್ಥಿ’ ಎಂದು ಘೋಷಿಸಿಬಿಡುತ್ತಾರೆ. ಹೊಸ ವಹಿ ತೆರೆದಾಗ, ಶಾಲೆಯ ಆಡಳಿತ ಬದಲಾದಾಗ ಸಂಖ್ಯೆಯನ್ನು ಮತ್ತೆ ಒಂದರಿಂದ ಶುರು ಮಾಡುತ್ತಿದ್ದದ್ದುಂಟು. ಪರೀಕ್ಷಿಸುವ ಬಗೆ ಸರಳ. ಮೊದಲ ಹತ್ತಿಪ್ಪತ್ತು ಹೆಸರುಗಳ ಮುಂದೆ ‘ಸೇರಿದ ತರಗತಿ’ ನೋಡಿ. ಹೊಸದಾಗಿ ಹುಟ್ಟಿದ ಶಾಲೆಯಾದರೆ ಎಲ್ಲರೂ ಒಂದನೆಯ ತರಗತಿಗೆ, ಇಲ್ಲವೇ ಅದಕ್ಕೂ ಮುಂಚಿನ ಬಿನ್ನೆತ್ತೆಗೆ ಸೇರಿರಬೇಕು. ಮೊದಲ ದಿನವೇ ಮೂರನೆಯ, ನಾಲ್ಕನೆಯ ತರಗತಿಗೆ ಮಕ್ಕಳು ಸೇರಿದ್ದರೆ, ‘ಹಿಂದಿನ ಶಾಲೆ’ ಕಾಲಂನಲ್ಲಿ ಏನೂ ಇಲ್ಲದಿದ್ದರೆ, ಇದಕ್ಕಿಂತ ಹಳೆಯ ವಹಿ ಒಂದಿತ್ತು ಎಂದೇ ಲೆಕ್ಕ. ಹುಡುಕಬೇಕು.

ಹಳೆ ಮೈಸೂರಿನ ಶಾಲೆಗಳಿಗೆ ಇನ್ನೊಂದು ಸುಳಿವಿದೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಅದರ ಆಸುಪಾಸಿನ ಇಸವಿ ಗೇಟಿನ ಮೇಲಿದ್ದರೆ ಅದು ಸರ್ಕಾರ ಶಾಲೆ ತೆರೆದ ವರ್ಷವೋ, ಇದ್ದ ಮಠವನ್ನು ಸರ್ಕಾರ ಸೇರಿಸಿಕೊಂಡ ವರ್ಷವೋ ಎಂದು ಕೇಳಲೇಬೇಕು.

ಇನ್ನು ಹೆಂಚು ನೋಡಿ ಇಸವಿ ಹೇಳುವವರಿದ್ದಾರೆ. ಮಂಗಳೂರು ಹೆಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು, ಕೆಲವದರಲ್ಲಿ ಇಸವಿಯೂ ಉಬ್ಬಚ್ಚಿನಲ್ಲಿರುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ್ದು 1865ರಲ್ಲಿ. ಆದರೆ ಹೆಂಚು ಒಂದು ಮಾಡಿನಿಂದ ಇನ್ನೊಂದು ಮಾಡಿಗೆ ಹೋಗುವ ವಸ್ತು, ಒಡೆದದ್ದರ ಜಾಗಕ್ಕೆ ಹೊಸದು ಬರುವ ವಸ್ತು. ಕಟ್ಟಡದ ವಯಸ್ಸಿಗೆ ಅದು ಸಾಕ್ಷಿಯಲ್ಲ. ಹಾಗಂತ ಎಸೆಯಬೇಡಿ. ಹಳೆಯ ಹೆಂಚಿನ ಕೊಠಡಿ ಕೆಡವಿ ಆರ್‌ಸಿಸಿ ಕಟ್ಟುವಾಗ ಬೇರೆ ಬೇರೆ ಅಚ್ಚಿನ ಒಂದೊಂದು ಹೆಂಚು ಎತ್ತಿಡಿ, ಅಡಿಗಲ್ಲಿನ ಬರಹದ ಫೋಟೊ ತೆಗೆಯಿರಿ. ಕೆಡವಿದ ಮೇಲೆ ಹುಡುಕಿದರೆ ಯಾರದೋ ಹಟ್ಟಿಯ ಮೆಟ್ಟಿಲಾಗಿರುತ್ತದೆ.

ವಹಿಗಳು, ಒಂದೊಂದಾಗಿ

ದಾಖಲಾತಿ ವಹಿಯೇ ಬೀರುವಿನ ರಾಜ. ಪ್ರವೇಶ ಸಂಖ್ಯೆ, ದಿನಾಂಕ, ಮಗುವಿನ ಹೆಸರು, ತಂದೆಯ ಹೆಸರು, ಉದ್ಯೋಗ, ಊರು, ಜಾತಿ, ಹುಟ್ಟಿದ ದಿನ, ಹಿಂದಿನ ಶಾಲೆ, ಸೇರಿದ ತರಗತಿ, ಬಿಟ್ಟ ದಿನ, ಬಿಟ್ಟ ಕಾರಣ, ಟಿಸಿ ಸಂಖ್ಯೆ. ಎರಡು ಪುಟಕ್ಕೆ ಅಡ್ಡಲಾಗಿ ಹರಡಿದ ಈ ಸಾಲನ್ನು ಎಡದಿಂದ ಬಲಕ್ಕೆ ಬೆರಳಿಟ್ಟು ಓದಬೇಕು. ನಡುವಿನ ಹೊಲಿಗೆಯಲ್ಲಿ ಸಾಲು ಅರ್ಧ ಬೆರಳು ಮೇಲೆ ಕೆಳಗೆ ಸರಿದಿರುತ್ತದೆ. ಒಬ್ಬರ ಹುಟ್ಟಿದ ದಿನ ಇನ್ನೊಬ್ಬರಿಗೆ ಅಂಟುವ ತಪ್ಪು ಆಗುವುದು ಈ ಹೊಲಿಗೆಯಲ್ಲಿ. ನಕಲು ತೆಗೆಯುವಾಗ ಉದ್ದದ ಅಡಿಕೋಲು ಇಟ್ಟುಕೊಳ್ಳುವ ಮೇಷ್ಟ್ರು ಸಿಕ್ಕರೆ ಅವರಿಗೆ ಪೂರ್ತಿ ಅಂಕ ಕೊಡಬಹುದು.

‘ಹುಟ್ಟಿದ ದಿನ’ ಕಾಲಂನಲ್ಲಿ ಜೂನ್ 1 ಸಾಲುಸಾಲಾಗಿ ಬಂದರೆ ಬೆರಗಾಗಬೇಕಿಲ್ಲ. ಮನೆಯವರಿಗೆ ತಾರೀಖು ಗೊತ್ತಿರುತ್ತಿರಲಿಲ್ಲ, ‘ಯುಗಾದಿ ಕಳೆದ ಮೇಲೆ’, ‘ದೊಡ್ಡ ಮಳೆ ಬಂದ ವರ್ಷ’ ಎನ್ನುತ್ತಿದ್ದರು. ಮೇಷ್ಟ್ರು ಮಗುವಿನ ಮೈಕಟ್ಟು ನೋಡಿ ವಯಸ್ಸು ಅಂದಾಜು ಮಾಡಿ, ಶಾಲೆ ಶುರುವಾಗುವ ಜೂನ್ 1ನ್ನೇ ಹಾಕುತ್ತಿದ್ದರು. ಆ ತಾರೀಖು ಮುಂದೆ ನೌಕರಿ, ನಿವೃತ್ತಿ, ಪಿಂಚಣಿ ಎಲ್ಲಕ್ಕೂ ಬುನಾದಿಯಾಯಿತು. ಇದನ್ನು ಇಂದು ತಿದ್ದುವ ಅಧಿಕಾರ ಮುಖ್ಯೋಪಾಧ್ಯಾಯರಿಗಿಲ್ಲ. ಮೇಲಧಿಕಾರಿಯ ಆದೇಶವೋ ನ್ಯಾಯಾಲಯದ ತೀರ್ಪೋ ಇದ್ದರೆ ಮಾತ್ರ ಕೆಂಪು ಶಾಯಿಯಲ್ಲಿ, ಆದೇಶದ ಸಂಖ್ಯೆ ನಮೂದಿಸಿ ತಿದ್ದಬೇಕು. ಬಿಳಿ ಶಾಯಿ ಬಳಿದು, ಬ್ಲೇಡಿನಿಂದ ಕೆರೆದು ತಿದ್ದಿದ ಸಾಲು ಕಂಡರೆ ಆ ಪುಟದ ಮೇಲೆ ಇಡೀ ನಂಬಿಕೆಯೇ ಹೋಗುತ್ತದೆ. ಪಾಪ, ಅದೇ ಪುಟದಲ್ಲಿರುವ ಉಳಿದವರೂ ಅದರ ಫಲ ಉಣ್ಣುತ್ತಾರೆ.

ಇತಿಹಾಸ ಬಯಸುವವರಿಗೆ ಹೆಚ್ಚು ಸತ್ವ ಇರುವುದು ‘ಹಿಂದಿನ ಶಾಲೆ’ ಮತ್ತು ‘ಬಿಟ್ಟ ಕಾರಣ’ ಎಂಬ ಎರಡು ಕಾಲಂಗಳಲ್ಲಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಕಣಿವೆಯ ಊರುಗಳು ಮುಳುಗಿದಾಗ ಅಲ್ಲಿನ ಶಾಲೆಗಳೂ ಎದ್ದುಹೋದವು. ಅಲ್ಲಿಯ ಮನೆಗಳು ಎಲ್ಲೆಲ್ಲಿ ನೆಲೆ ನಿಂತವು ಎಂದು ತಿಳಿಯಬೇಕಾದರೆ ಸುತ್ತಲಿನ ತಾಲ್ಲೂಕುಗಳ ಶಾಲೆಗಳಲ್ಲಿ ಆ ವರ್ಷಗಳ ‘ಹಿಂದಿನ ಶಾಲೆ’ ಕಾಲಂ ನೋಡಬೇಕು. ತುಂಗಭದ್ರೆಯ ಮುಳುಗಡೆ ಊರುಗಳಿಗೂ ಇದೇ ದಾರಿ. ಹೆಣ್ಣುಮಕ್ಕಳ ಹೆಸರುಗಳ ಮುಂದೆ ‘ಬಿಟ್ಟ ಕಾರಣ’ ಮತ್ತು ಬಿಟ್ಟಾಗಿನ ವಯಸ್ಸನ್ನು ಹತ್ತು ವರ್ಷಕ್ಕೊಮ್ಮೆ ಪಟ್ಟಿ ಮಾಡಿ ನೋಡಿ, ಊರು ಬದಲಾದ ಬಗೆ ಯಾವ ಭಾಷಣಕ್ಕಿಂತ ಚೆನ್ನಾಗಿ ಕಾಣುತ್ತದೆ.

ಹಾಜರಿ ಪುಸ್ತಕಗಳು ಕಾಯಂ ದಾಖಲೆಯಲ್ಲ ಎಂದು ಹೆಚ್ಚಿನ ಕಡೆ ರದ್ದಿಗೆ ಹೋಗಿವೆ. ಉಳಿದಿದ್ದರೆ ಪುಣ್ಯ. ದಾಖಲಾದವರೆಷ್ಟು, ನಿಜವಾಗಿ ಬಂದವರೆಷ್ಟು ಎಂಬುದು ಅದರಲ್ಲೇ ಗೊತ್ತಾಗುವುದು. ರಾಜ್ಯದಲ್ಲಿ ಅಕ್ಷರ ದಾಸೋಹ 2002ರಲ್ಲಿ ಶುರುವಾದ ಮೇಲೆ ಈ ಕೆಲಸಕ್ಕೆ ಬಿಸಿಯೂಟದ ವಹಿಯೂ ಒದಗುತ್ತದೆ.

ಸಂದರ್ಶಕರ ಪುಸ್ತಕ, ಅಂದರೆ ಇನ್‌ಸ್ಪೆಕ್ಟರ್ ಬಂದಾಗ ಷರಾ ಬರೆಯುತ್ತಿದ್ದ ಪುಸ್ತಕ, ನಮ್ಮ ಮಟ್ಟಿಗೆ ಬೀರುವಿನ ಅತ್ಯಂತ ಓದಬಲ್ಲ ವಸ್ತು. ‘ಎರಡನೆಯ ತರಗತಿಯ ಮಗ್ಗಿ ಸಾಲದು’, ‘ಕರಿಹಲಗೆಗೆ ಬಣ್ಣ ಹೊಡೆಸಬೇಕು’, ‘ಸುಗ್ಗಿಯ ಕಾರಣ ಹಾಜರಿ ಕಡಿಮೆ’ ಎನ್ನುವ ಧಾಟಿಯ ಸಾಲುಗಳಲ್ಲಿ ತರಗತಿ ಕಣ್ಣಿಗೆ ಕಟ್ಟುತ್ತದೆ. ಜಡವಸ್ತು ವಹಿಯನ್ನೂ ಕಡೆಗಣಿಸಬೇಡಿ. ಗೋಡೆ ಗಡಿಯಾರ, ಭೂಪಟ, ಮಣಿಚೌಕಟ್ಟು, ಹಾರ್ಮೋನಿಯಂ, ಕೈತೋಟದ ಸಲಿಕೆ ಯಾವಾಗ ಬಂತು, ಯಾರು ಕೊಟ್ಟರು ಎಂಬುದು ಅದರಲ್ಲಿದೆ. ಸಮಿತಿಯ ನಿರ್ಣಯ ಪುಸ್ತಕಗಳು ಎರಡು ಕಾಲದವು: ಹಳೆಯದು ‘ಬೆಟರ್‌ಮೆಂಟ್ ಕಮಿಟಿ’ಯದು, ಹೊಸದು 2001ರ ಸರ್ಕಾರಿ ಆದೇಶದಿಂದ ಹುಟ್ಟಿದ ಎಸ್‌ಡಿಎಂಸಿಯದು. ಹೊಸದು ಇದ್ದೇ ಇರುತ್ತದೆ, ಹಳೆಯದು ಆಗಿನ ಅಧ್ಯಕ್ಷರ ಮನೆಯಲ್ಲೇ ಉಳಿದಿರುವ ಸಂಭವ ಹೆಚ್ಚು. ಕೇಳಿ ನೋಡಿ.

ತಾರೀಖಿಲ್ಲದ ಕಾಗದಕ್ಕೆ ಕಾಲ ಹೇಳುವುದು

ಕಟ್ಟಿನಲ್ಲಿ ಅರ್ಧದಷ್ಟು ಕಾಗದಗಳಿಗೆ ತಾರೀಖಿನ ತುದಿ ಹರಿದಿರುತ್ತದೆ. ಆಗ ಮೊಹರು ಮತ್ತು ಹಣ ನೋಡಬೇಕು. ‘ಮೈಸೂರು ಸರ್ಕಾರ’ ಎಂದಿದ್ದರೆ 1973ರ ನವೆಂಬರ್ 1ಕ್ಕೆ ಹಿಂದಿನದು, ‘ಕರ್ನಾಟಕ ಸರ್ಕಾರ’ ಎಂದಿದ್ದರೆ ಆಮೇಲಿನದು. ಹಳೆಯ ಮೊಹರನ್ನೇ ಇನ್ನೂ ಕೆಲವು ತಿಂಗಳು ಒತ್ತಿರಬಹುದು, ಆದ್ದರಿಂದ 73-74ರ ಕಾಗದಗಳಲ್ಲಿ ಪಟ್ಟು ಹಿಡಿಯಬೇಡಿ. ‘ಜಿಲ್ಲಾ ಪರಿಷತ್’ ಎಂಬ ಮೊಹರು 1987ರಿಂದ ಕೆಲವೇ ವರ್ಷ ಬಾಳಿದ್ದು, 1993ರ ಕಾಯಿದೆಯ ಮೇಲೆ ಅದು ‘ಜಿಲ್ಲಾ ಪಂಚಾಯತ್’ ಆಯಿತು. ಬಳ್ಳಾರಿ ಜಿಲ್ಲೆಯ ಕಾಗದದಲ್ಲಿ ಮದ್ರಾಸ್ ಸರ್ಕಾರದ ಹೆಸರಿದ್ದರೆ 1953ಕ್ಕೂ ಹಿಂದಿನದು. ದಕ್ಷಿಣ ಕನ್ನಡದ್ದಾದರೆ 1956ರ ಏಕೀಕರಣದ ತನಕವೂ ಮದ್ರಾಸಿನ ಹೆಸರು ಬರುತ್ತದೆ.

ಶುಲ್ಕದ ರಸೀದಿಯಲ್ಲಿ ರೂಪಾಯಿ, ಆಣೆ, ಪೈ ಎಂದು ಮೂರು ಮನೆಗಳಿದ್ದರೆ ಅಚ್ಚಾದದ್ದು 1957ರ ಏಪ್ರಿಲ್‌ಗೆ ಮೊದಲು. 16 ಆಣೆಗೆ ಒಂದು ರೂಪಾಯಿ, 12 ಪೈಗೆ ಒಂದು ಆಣೆ. ‘ನಯಾ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. ಆಮೇಲೆ ಬರೀ ಪೈಸೆ.

ಕಲ್ಯಾಣ ಕರ್ನಾಟಕದ ಹಳೆಯ ವಹಿಗಳಲ್ಲಿ ಫಸಲಿ ಇಸವಿ, ಅಂದರೆ ನಿಜಾಮರ ಕಾಲದ ಕಂದಾಯ ವರ್ಷದ ಲೆಕ್ಕ, ಇರುತ್ತದೆ. ಇಲ್ಲಿ ಆಗುವ ತಪ್ಪು ಬಹಳ ದುಬಾರಿಯದು. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ, ಆಜುರ್ ತಿಂಗಳಿನಿಂದ ಶುರು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತಾರೀಖಾದರೆ ಫಸಲಿಗೆ 590 ಕೂಡಬೇಕು, ಜನವರಿಯಿಂದ ಮುಂದಿನದಾದರೆ 591. ಉದಾಹರಣೆಗೆ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ 1948ರ ಸೆಪ್ಟೆಂಬರ್ ಎಂದರೆ ಫಸಲಿ 1357. ಎಲ್ಲಕ್ಕೂ 590 ಕೂಡಿಬಿಟ್ಟರೆ ಒಬ್ಬರ ವಯಸ್ಸು ಒಂದು ವರ್ಷ ಹೆಚ್ಚಾಗಿಬಿಡುತ್ತದೆ. ಪ್ರಮಾಣಪತ್ರದಲ್ಲಿ ಫಸಲಿ ಇಸವಿಯನ್ನು ಇದ್ದ ಹಾಗೇ ಬರೆದು ಪಕ್ಕದಲ್ಲಿ ಲೆಕ್ಕ ಹಾಕಿದ ಇಸವಿ ಕೊಡುವುದೇ ಸರಿಯಾದ ಕ್ರಮ.

ಪ್ರಮಾಣಪತ್ರ ಪಡೆಯುವ ಸೇವೆ

ಹೆಚ್ಚಿನವರು ಬೀರುವಿನ ಬಾಗಿಲು ತಟ್ಟುವುದು ವ್ಯಾಸಂಗ ಪ್ರಮಾಣಪತ್ರಕ್ಕಾಗಿ. ಕನ್ನಡ ಮಾಧ್ಯಮ, ಗ್ರಾಮೀಣ, 371ಜೆ (ಕಲ್ಯಾಣ ಕರ್ನಾಟಕದವರದು) ಹೀಗೆ ಒಂದೊಂದು ಮೀಸಲಾತಿಗೂ ಒಂದೊಂದು ನಮೂನೆ. ಮುಖ್ಯೋಪಾಧ್ಯಾಯರ ಸಹಿಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು ಬೇಕಾಗುವುದರಿಂದ ಒಂದೇ ದಿನಕ್ಕೆ ಕೆಲಸ ಮುಗಿಯುತ್ತದೆ ಎಂದು ಹೊರಡಬೇಡಿ. ವಿದ್ಯಾರ್ಥಿಗಳ ವಿವರ ದಾಖಲಿಸುವ ಎಸ್‌ಎಟಿಎಸ್ ತಂತ್ರಾಂಶ ಬಂದ ಮೇಲೆ ಓದಿದ ಮಕ್ಕಳ ವಿವರ ಕಂಪ್ಯೂಟರಿನಲ್ಲೇ ಸಿಗುತ್ತದೆ. ಅದಕ್ಕೂ ಹಿಂದಿನವರಿಗೆ ಕೈಬರಹದ ವಹಿಯೊಂದೇ ಗತಿ.

ವೇಗವಾಗಿ ಸಿಗಬೇಕಾದರೆ ಹೋಗುವವರು ಮಾಡಬೇಕಾದ್ದೂ ಇದೆ. ಶಾಲೆಗೆ ಸೇರಿದ ಇಸವಿ ಮತ್ತು ಬಿಟ್ಟ ಇಸವಿಯನ್ನು ಒಂದೆರಡು ವರ್ಷದ ಅಂತರದಲ್ಲಾದರೂ ತಿಳಿದುಕೊಂಡು ಹೋಗಿ. ಮನೆಯಲ್ಲಿ ಹಳೆಯ ಟಿಸಿ, ಅಂಕಪಟ್ಟಿ ಇದ್ದರೆ ಅದರ ಮೇಲಿನ ಪ್ರವೇಶ ಸಂಖ್ಯೆಯೇ ಬೀಗದ ಕೈ, ಅರ್ಧ ದಿನದ ಹುಡುಕಾಟ ಐದು ನಿಮಿಷಕ್ಕೆ ಇಳಿಯುತ್ತದೆ. ಹೆಸರನ್ನು ಈಗ ಬರೆಯುವ ರೀತಿಯಲ್ಲಿ ಮಾತ್ರ ಹುಡುಕಬೇಡಿ. ಇಂದು ‘ಮಂಜುನಾಥ’ ಆಗಿರುವವರು ವಹಿಯಲ್ಲಿ ‘ಮಂಜಪ್ಪ’ನೋ ‘ಮಂಜ’ನೋ ಆಗಿರುತ್ತಾರೆ. ತಂದೆಯ ಹೆಸರು ಹಿಡಿದು ಹುಡುಕುವುದು ಹೆಚ್ಚು ಭದ್ರ. ಜೂನ್ ತಿಂಗಳ ದಾಖಲಾತಿ ಗಡಿಬಿಡಿಯಲ್ಲಿ ಹೋದರೆ ಯಾರಿಗೂ ಪುರುಸೊತ್ತಿರುವುದಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಯುವ ಹೊತ್ತಿಗೆ, ಮೊದಲೇ ಹೇಳಿಟ್ಟು ಹೋಗುವುದು ಒಳ್ಳೆಯದು. ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ನಿಮಗಾಗಿ ವಹಿ ಹುಡುಕುತ್ತ ಕೂತರೆ ಎರಡು ತರಗತಿ ಪಾಠವಿಲ್ಲದೆ ಕೂರುತ್ತವೆ ಎಂಬುದು ನೆನಪಿರಲಿ. ಈ ಸೇವೆಯ ದೊಡ್ಡ ಕುಂದು ಇದೇ. ಇಷ್ಟು ಮುಖ್ಯವಾದ ಕೆಲಸಕ್ಕೆ ಪ್ರಾಥಮಿಕ ಶಾಲೆಯಲ್ಲಿ ಗುಮಾಸ್ತರ ಹುದ್ದೆಯೇ ಇಲ್ಲ, ಎಲ್ಲವೂ ಮೇಷ್ಟ್ರ ತಲೆಗೇ.

‘ವಹಿ ಸಿಗುತ್ತಿಲ್ಲ’ ಎಂಬ ಉತ್ತರ ಬಂದರೆ ಬಾಯಿಮಾತಿಗೆ ವಾಪಸಾಗಬೇಡಿ, ಹಿಂಬರಹ, ಅಂದರೆ ಬರವಣಿಗೆಯ ಉತ್ತರ, ಕೇಳಿ. ಅದೂ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಇದೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಎಷ್ಟೋ ಸಲ ಅರ್ಜಿ ಮುಟ್ಟಿದ ಮೇಲೆ ವಹಿ ಸಿಕ್ಕೇ ಸಿಗುತ್ತದೆ. ಮೇಷ್ಟ್ರು ಬಚ್ಚಿಟ್ಟಿದ್ದರು ಎಂದಲ್ಲ, ವರ್ಗವಾಗುವವರು ಒಪ್ಪಿಸಿ ಹೋಗುವ, ಮೂರು ಸಲ ಕೈ ಬದಲಾದ ಚಾರ್ಜ್ ಪಟ್ಟಿಯಲ್ಲಿ ‘ಹಳೆ ವಹಿಗಳು, 1 ಕಟ್ಟು’ ಎಂದಷ್ಟೇ ಬರೆದಿದ್ದರಿಂದ ಆ ಕಟ್ಟಿನೊಳಗೆ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಚಾರ್ಜ್ ಪಟ್ಟಿಯಲ್ಲಿ ಒಂದೊಂದು ವಹಿಗೂ ಒಂದೊಂದು ಸಾಲು, ಯಾವ ಇಸವಿಯಿಂದ ಯಾವ ಇಸವಿಗೆ, ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ ಎಂದು ಬರೆದರೆ ಅರ್ಧ ರೋಗ ವಾಸಿ.

ಕಾಯುವ ಕೆಲಸ: ಎರಡೇ ಅಂಕ ಯಾಕೆ

ಗೆದ್ದಲು, ಸೋರುವ ಮಾಡು, ಇಲಿ ಇವು ಎಲ್ಲರಿಗೂ ಗೊತ್ತು. ಹೆಚ್ಚು ಹಾನಿ ಮಾಡಿರುವುದು ಒಳ್ಳೆಯ ಮನಸ್ಸಿನಿಂದ ಮಾಡಿದ ರಿಪೇರಿ. ಹರಿದ ಪುಟಕ್ಕೆ ಪಾರದರ್ಶಕ ಟೇಪು ಹಚ್ಚುತ್ತಾರೆ. ಹತ್ತು ವರ್ಷಕ್ಕೆ ಟೇಪು ಹಳದಿಯಾಗಿ ಉದುರುತ್ತದೆ, ಅಂಟು ಮಾತ್ರ ಕಾಗದದೊಳಗೆ ಇಳಿದು ಶಾಯಿಯನ್ನು ಕಲೆ ಮಾಡುತ್ತದೆ. ಶತಮಾನೋತ್ಸವದ ಉತ್ಸಾಹದಲ್ಲಿ ಮೊದಲ ಪುಟವನ್ನು ಲ್ಯಾಮಿನೇಟ್ ಮಾಡಿಸುತ್ತಾರೆ. ಬಿಸಿಗೆ ಹಳೆಯ ಕಾಗದ ಸುಟ್ಟಂತಾಗುತ್ತದೆ, ಆಮೇಲೆ ಬಿಚ್ಚುವ ಮಾತೇ ಇಲ್ಲ. ವಹಿಯನ್ನು ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಕವುಚಿ ಒತ್ತಿದಾಗ ಬೆನ್ನಿನ ಹೊಲಿಗೆ ಬಿರಿದು ಪುಟಗಳು ಕಳಚುತ್ತವೆ. ನೇರಳೆ ಬಣ್ಣದ ಕಾಪಿಯಿಂಗ್ ಪೆನ್ಸಿಲ್‌ನಲ್ಲಿ ಬರೆದ ಸಾಲುಗಳ ಮೇಲೆ ಒದ್ದೆ ಬೆರಳು ಆಡಿಸಿದರೆ ಅಕ್ಷರವೇ ಹರಡುತ್ತದೆ. ಎಂಜಲು ಹಚ್ಚಿ ಪುಟ ತಿರುವುವ ಅಭ್ಯಾಸ ಅಲ್ಲಿ ಅಪಚಾರ.

ಖರ್ಚಿಲ್ಲದೆ ಮಾಡಬಹುದಾದ್ದು ಬೇಕಾದಷ್ಟಿದೆ. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದು, ಕಾಲಡಿಗೆ ಇಟ್ಟಿಗೆ ಕೊಡಿ. ಮಳೆನೀರು, ಗೆದ್ದಲು ಎರಡಕ್ಕೂ ತಡೆ. ಕೆಳಗಿನ ಅರೆಯಲ್ಲಿ ವಹಿ ಇಡಬೇಡಿ. ದಪ್ಪ ವಹಿಗಳನ್ನು ನಿಲ್ಲಿಸದೆ ಮಲಗಿಸಿ, ಒಂದರ ಮೇಲೊಂದು ಮೂರಕ್ಕಿಂತ ಹೆಚ್ಚು ಪೇರಿಸಬೇಡಿ. ರಬ್ಬರ್ ಬ್ಯಾಂಡು, ಗುಂಡುಸೂಜಿ ತೆಗೆದುಹಾಕಿ. ತೊಳೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಅಗಲವಾದ ಹತ್ತಿ ಪಟ್ಟಿಯಿಂದ ಕಟ್ಟಿ. ಪ್ಲಾಸ್ಟಿಕ್ ಚೀಲ ಒಳಗೇ ಬೆವರುತ್ತದೆ, ಬೂಸ್ಟು ಹಿಡಿಯುತ್ತದೆ. ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ಎಲ್ಲವನ್ನೂ ಹೊರತೆಗೆದು ನೆರಳಲ್ಲಿ ಗಾಳಿಗೆ ಬಿಡಿ, ಬಿಸಿಲಿಗೆ ಮಾತ್ರ ಬೇಡ.

ಫೋಟೊ ತೆಗೆಯಲು ಮೊಬೈಲೇ ಸಾಕು. ಕಿಟಕಿಯ ಪಕ್ಕದ ಮೇಜು, ಫ್ಲ್ಯಾಶ್ ಬೇಡ, ಮೊಬೈಲು ಪುಟಕ್ಕೆ ಸಮಾನಾಂತರವಾಗಿರಲಿ. ಎರಡೂ ಬದಿಯ ರಟ್ಟಿನ ಕೆಳಗೆ ಮಡಿಸಿದ ಬಟ್ಟೆ ಕೊಟ್ಟು ವಹಿಯನ್ನು ಮುಕ್ಕಾಲು ಭಾಗ ಮಾತ್ರ ತೆರೆಯಿರಿ. ಸ್ಕ್ಯಾನರ್ ಇದ್ದರೆ 300 ಡಿಪಿಐ, ಬಣ್ಣದಲ್ಲಿ. ಕಪ್ಪುಬಿಳುಪಿನಲ್ಲಿ ಕೆಂಪು ಶಾಯಿಯ ತಿದ್ದುಪಡಿ ಗುರುತೇ ಸಿಗುವುದಿಲ್ಲ. ಫೈಲಿಗೆ ಶಾಲೆಯ 11 ಅಂಕಿಯ ಯು-ಡೈಸ್ ಸಂಖ್ಯೆ, ವಹಿಯ ಹೆಸರು, ಇಸವಿ, ಪುಟ ಎಂಬ ಕ್ರಮದಲ್ಲಿ ಹೆಸರಿಡಿ. ಕರ್ನಾಟಕದ ಸಂಖ್ಯೆಗಳೆಲ್ಲ 29ರಿಂದ ಶುರುವಾಗುತ್ತವೆ. ಶಾಲೆಯ ಹೆಸರು ನಾಳೆ ಮತ್ತೆ ಬದಲಾದರೂ ಫೋಟೊ ಯಾವ ಶಾಲೆಯದೆಂದು ತಿಳಿಯುತ್ತದೆ.

ಸ್ಮರಣ ಸಂಚಿಕೆಗಳ ಬಗ್ಗೆ ಒಂದು ಮಾತು. ಶುಭಾಶಯ ಸಂದೇಶಗಳಿಗೆ ಇಪ್ಪತ್ತು ಪುಟ, ಜಾಹೀರಾತಿಗೆ ಮೂವತ್ತು, ಶಾಲೆಯ ಇತಿಹಾಸಕ್ಕೆ ಒಂದೂವರೆ. ಈ ಲೆಕ್ಕ ತಿರುಗಬೇಕು. ಮುಖ್ಯೋಪಾಧ್ಯಾಯರ ಪಟ್ಟಿ ಇಸವಿಯ ಸಮೇತ, ಕೊಠಡಿ ಎದ್ದ ಕ್ರಮ, ಜಾಗ ಕೊಟ್ಟವರ ಹೆಸರು, ಹತ್ತು ವರ್ಷಕ್ಕೊಮ್ಮೆ ಮಕ್ಕಳ ಸಂಖ್ಯೆ, ಮೊದಲ ಹುಡುಗಿ ಸೇರಿದ ವರ್ಷ ಇಷ್ಟಿದ್ದರೆ ಸಂಚಿಕೆ ಐವತ್ತು ವರ್ಷ ಬಾಳುತ್ತದೆ. ಆದರೆ ದಾಖಲಾತಿ ವಹಿಯ ಪುಟದ ಫೋಟೊವನ್ನು ಹಾಗೇ ಅಚ್ಚು ಹಾಕಬೇಡಿ. ಹಳೆಯ ವಹಿಗಳ ಜಾತಿ ಕಾಲಂನಲ್ಲಿ ಇಂದು ಯಾರೂ ಬಾಯಲ್ಲಿ ಆಡಬಾರದ ಪದಗಳಿವೆ, ಆ ಮಕ್ಕಳ ಮೊಮ್ಮಕ್ಕಳು ಅದೇ ಊರಲ್ಲಿದ್ದಾರೆ. ಹೆಸರು, ಜಾತಿ, ಉದ್ಯೋಗ ಮುಚ್ಚಿ ಉಳಿದ ಭಾಗವನ್ನಷ್ಟೇ ತೋರಿಸಿ.

ಜಾಗದ ಕಾಗದ

ಬೀರುವಿನಲ್ಲಿ ಇರಲೇಬೇಕಾದ, ಹೆಚ್ಚಾಗಿ ಇಲ್ಲದ ಕಾಗದ ಇದು. ಊರಿನ ಹಿರಿಯರೊಬ್ಬರು ಬಾಯಿಮಾತಿನಲ್ಲಿ ಅರ್ಧ ಎಕರೆ ಬಿಟ್ಟುಕೊಟ್ಟರು, ಶಾಲೆ ಎದ್ದಿತು, ಪಹಣಿಯಲ್ಲಿ ಹೆಸರು ಮಾತ್ರ ಅವರದೇ ಉಳಿಯಿತು. ಊರಿಗೆ ಡಾಂಬರು ರಸ್ತೆ ಬಂದು ಜಾಗಕ್ಕೆ ಬೆಲೆ ಬಂದ ಮೇಲೆ ಮೂರನೆಯ ತಲೆಮಾರು ಬೇಲಿ ಹಾಕುತ್ತದೆ. ಆಗ ಕಟ್ಟಡದ ಅನುದಾನವೂ ನಿಲ್ಲುತ್ತದೆ.

ಎಸ್‌ಡಿಎಂಸಿ ಇದನ್ನು ಇವತ್ತೇ ಪರೀಕ್ಷಿಸಬಹುದು. ಸರ್ವೆ ನಂಬರು ಹಿಡಿದು ಭೂಮಿ ತಂತ್ರಾಂಶದಿಂದ ಪಹಣಿ ತೆಗೆಸಿ, 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೆಯದರಲ್ಲಿ ಋಣ ಅಥವಾ ಹಕ್ಕು ಏನಿದೆ ನೋಡಿ. ಗ್ರಾಮಠಾಣಾ, ಅಂದರೆ ಊರೊಳಗಿನ ವಸತಿ ಜಾಗವಾದರೆ ಪಹಣಿ ಬರುವುದಿಲ್ಲ, ಪಂಚಾಯಿತಿಯ ಇ-ಸ್ವತ್ತಿನಲ್ಲಿ ನಮೂನೆ 9 ಕೇಳಬೇಕು. ದಾನಪತ್ರ ಇದ್ದರೆ ಅದು ನೋಂದಣಿಯಾಗಿದೆಯೇ, ಆಮೇಲೆ ಮ್ಯುಟೇಶನ್ (ಖಾತೆ ಬದಲಾವಣೆ) ಆಗಿದೆಯೇ ಎಂಬುದು ಮುಂದಿನ ಪ್ರಶ್ನೆ. ದಾನಪತ್ರ ಇದ್ದೂ ಖಾತೆ ಬದಲಾಗದ ಶಾಲೆಗಳು ಬೇಕಾದಷ್ಟಿವೆ. ಕಾಗದವೇ ಇಲ್ಲದಿದ್ದರೆ ಸಂದರ್ಶಕರ ಪುಸ್ತಕ, ಹಳೆಯ ನಿರ್ಣಯ ಪುಸ್ತಕ, ಕಟ್ಟಡ ರಿಪೇರಿಯ ಬಿಲ್ಲುಗಳನ್ನು ಇಸವಿಯ ಕ್ರಮದಲ್ಲಿ ಜೋಡಿಸಿ. ಶಾಲೆ ಇಷ್ಟು ವರ್ಷ ಅದೇ ಜಾಗದಲ್ಲಿ ನಡೆದುಬಂದಿದೆ ಎಂದು ಹೇಳಲು ಅವೇ ಆಧಾರ. ಜಾಗ ಕೊಟ್ಟ ಮನೆಯ ಹಿರಿಯರು ಇನ್ನೂ ಇದ್ದರೆ ಮೊದಲು ಅವರ ಬಳಿಗೆ ಹೋಗಿ, ಮಾತಾಡಿ, ಒಪ್ಪಿದರೆ ಆ ವಾರವೇ ಉಪನೋಂದಣಾಧಿಕಾರಿ ಕಚೇರಿಗೆ ಕರೆದೊಯ್ಯಿರಿ.

ಮಕ್ಕಳಿಲ್ಲದೆ ಮುಚ್ಚಿದ ಅಥವಾ ಪಕ್ಕದ ಶಾಲೆಯಲ್ಲಿ ವಿಲೀನವಾದ ಶಾಲೆಯ ವಹಿ ಬೇಕಾದವರು ಮೊದಲು ವಿಲೀನವಾದ ಶಾಲೆಯಲ್ಲಿ, ಆಮೇಲೆ ಕ್ಲಸ್ಟರ್ ಸಂಪನ್ಮೂಲ ಕೇಂದ್ರದಲ್ಲಿ, ಕೊನೆಗೆ ಬಿಇಒ ಕಚೇರಿಯಲ್ಲಿ ಕೇಳಬೇಕು. ಹೋಗುವಾಗ ಮುಚ್ಚಿದ ಶಾಲೆಯ ಯು-ಡೈಸ್ ಸಂಖ್ಯೆ ಜೊತೆಗಿರಲಿ. ಹೆಸರು ಹೇಳಿದರೆ ಅದೇ ಹೆಸರಿನ ನಾಲ್ಕು ಊರು ತಾಲ್ಲೂಕಿನಲ್ಲಿರುತ್ತವೆ.